ಕೈಲಾಶನ ಕಡಿಯವರು

ಸಮಸ್ತ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಜಾರಿಗೆ ಬರುವಂತೆ ಕಚೇರಿಯ ಒಳಗೆ, ಮೆಟ್ಟಿಲ ಮೇಲೆ ಹಾಗೂ ಚಹಾದ ಹೊತ್ತಿನಲ್ಲಿ 'ದೆವ್ವ' ಎಂಬ ಶಬ್ದವನ್ನು ಯಾರೂ ಉಚ್ಚರಿಸಕೂಡದು. ಅದರ ಸ್ಥಾನದಲ್ಲಿ 'ಪುನರಾಗಮಿತ ಸಾಲು' ಎನ್ನತಕ್ಕದ್ದು. ತಪ್ಪಿದವರಿಗೆ ಅಂದಿನ ಚಹಾ ಬಂದ್.

ಬೀದರಿನ ಮೈಲೂರಿನಲ್ಲಿ ಟೈರ್ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿದ್ದ 'ಭಾವವಾಣಿ' ಕಚೇರಿಯ ನೀರಿನ ಫಿಲ್ಟರಿಗೆ ಈ ಸುತ್ತೋಲೆಯನ್ನು ಸ್ವತಃ ಅಂಟಿಸಿದವರು ಮಾಲೀಕರಾದ ಮಲ್ಲಿಕಾರ್ಜುನಪ್ಪನವರು. ಬಸವಣ್ಣನ ಮಾತಿಗೆ ನಡೆಯುವ ಮನುಷ್ಯ. ಕೊರಳಲ್ಲಿ ಕಟ್ಟಿಕೊಂಡ ಲಿಂಗವೊಂದನ್ನು ಬಿಟ್ಟರೆ ಕಾಣದ ಇನ್ನಾವುದಕ್ಕೂ ಕೈ ಮುಗಿದವರಲ್ಲ. ಸುತ್ತೋಲೆಗೆ ಕಾರಣನಾದ ರಾಜರತ್ನನದು ಬೌದ್ಧ ಮನೆತನ. ಭೂತಪ್ರೇತಗಳನ್ನು ಅವನ ಅಜ್ಜನ ಕಾಲಕ್ಕೇ ಮನೆಯಿಂದ ಹೊರಗೆ ಹಾಕಿ ಅಗಳಿ ಹಾಕಿದ್ದರು. ದೆವ್ವವನ್ನು ನಂಬದ ಇಬ್ಬರು ಕೂಡಿಕೊಂಡು ಒಂದು ದೆವ್ವಕ್ಕೆ ನಾಮಕರಣ ಮಾಡುತ್ತ ಕೂತಿದ್ದರು ಅಂದಮೇಲೆ ಪರಿಸ್ಥಿತಿ ಎಲ್ಲಿಗೆ ಬಂದಿತ್ತೆಂದು ಊಹಿಸಬಹುದು.

ಭಾವವಾಣಿಯ ಕೆಲಸ ಸರಳ. ರೈತ ಒಂದು ಮಿಸ್ ಕಾಲ್ ಕೊಡಬೇಕು. ಯಂತ್ರ ತಿರುಗಿ ಫೋನ್ ಮಾಡಿ, ಅವನ ಹೆಸರು ಹಿಡಿದು ಮಾತಾಡಿಸಿ, ಅವನೂರಿನ ಬಜಾರದಲ್ಲಿ ಸೋಯಾ, ತೊಗರಿ, ಉದ್ದು ಯಾವ ದರಕ್ಕೆ ಹೋಗುತ್ತಿವೆ ಎಂದು ಹೇಳಬೇಕು. ದರಕ್ಕೆ ಬೀದರ ಸೀಮೆಯಲ್ಲಿ 'ಭಾವ' ಎನ್ನುತ್ತಾರೆ. ಮನಸ್ಸಿನೊಳಗಿನದಕ್ಕೂ ಭಾವ ಎನ್ನುತ್ತಾರೆ, ಅಕ್ಕನ ಗಂಡನಿಗೂ ಭಾವ ಎನ್ನುತ್ತಾರೆ. ಮೊದಲಿನದು ದಿನಾ ಇಳಿಯುತ್ತದೆ, ಎರಡನೆಯದು ಒಮ್ಮೊಮ್ಮೆ ಉಕ್ಕುತ್ತದೆ, ಮೂರನೆಯವರು ಬಂದರೆ ಕೋಳಿ ಕೊಯ್ಯಬೇಕಾಗುತ್ತದೆ. ಮೂರೂ ಒಂದೇ ಫೋನಿನಲ್ಲಿ ಕೂಡಿ ಬಂದರೆ ಏನಾಗುತ್ತದೆ ಎಂಬುದು ಮಾತ್ರ ಮಲ್ಲಿಕಾರ್ಜುನಪ್ಪನವರು ಹೆಸರಿಡುವಾಗ ಯೋಚಿಸಿದ ವಿಷಯವಲ್ಲ.

ಬಂದ ಒಂದೊಂದು ಮಿಸ್ ಕಾಲೂ ಒಂದು ಟೇಬಲ್‌ನಲ್ಲಿ ಒಂದು ಸಾಲಾಗಿ ಕೂಡುತ್ತಿತ್ತು. ಈ ಟೇಬಲ್ಲಿಗೆ ಕಾಲಿಲ್ಲ, ಕಾಲಮ್ಮು ಮಾತ್ರ ಇದೆ: ಯಾರು, ಯಾವ ಬಜಾರ, ಯಾವಾಗ ಎಂಬಂಥವು. ಬೀದರದಿಂದ ರಾಯಚೂರಿನವರೆಗೆ, ಅತ್ತ ಮರಾಠಿ ಸೀಮೆ ಇತ್ತ ತೆಲುಗು ಸೀಮೆಯ ರೈತರೂ ಸೇರಿ ಹತ್ತು ವರ್ಷ ರಿಂಗ್ ಕೊಟ್ಟು ಕಟ್ ಮಾಡಿ, ರಿಂಗ್ ಕೊಟ್ಟು ಕಟ್ ಮಾಡಿ, ಅದು ತೊಂಬತ್ತು ಕೋಟಿ ಸಾಲು ದಾಟಿತ್ತು. ಅಷ್ಟು ದೊಡ್ಡ ಟೇಬಲ್ಲನ್ನು ಸಾಕುವುದು ಆನೆ ಸಾಕಿದ ಹಾಗೆ. ಮುಂದಿನಿಂದ ಮೇವು ಹಾಕಬೇಕು, ಹಿಂದಿನಿಂದ ಬಳಿಯಬೇಕು, ಅದು ಮಗ್ಗಲು ಬದಲಿಸಿದರೆ ಊರೆಲ್ಲ ತಡವಾಗುತ್ತದೆ. ಅದರ ಮಾವುತ ರಾಜರತ್ನ. ಬೇರೆಯವರು ಕೆಲಸ ಏನೆಂದು ಕೇಳಿದರೆ 'ಟೇಬಲ್ ಒರೆಸತೇನಿ' ಎನ್ನುತ್ತಿದ್ದ. ಅವನ ಹೆಂಡತಿಯ ಕಡೆಯ ಸಂಬಂಧಿಕರೊಬ್ಬರು ಅದನ್ನು ನಂಬಿ ಹೋಟೆಲಿನಲ್ಲಿ ಒಳ್ಳೆಯ ಕೆಲಸ ನೋಡಿಕೊಟ್ಟಿದ್ದರು.

ತಂಟೆ ಶುರುವಾದದ್ದು ಕಮಲನಗರದಲ್ಲಿ.

ಅಲ್ಲಿ ಶಾಲೆಯ ಟೀಚರಾಗಿರುವ ಆಮ್ರಪಾಲಿ ರಾಜರತ್ನನ ಅಕ್ಕ. ಅವಳ ಗಂಡ ಕೈಲಾಶ ಭಾವವಾಣಿಯ ಮೊದಲ ಓಡಾಟಗಾರ. ಔರಾದ, ಭಾಲ್ಕಿ, ಕಮಲನಗರದ ಹಳ್ಳಿ ಹಳ್ಳಿ ತಿರುಗಿ ರೈತರ ಹೆಸರು ಬರೆಸಿದವನು. ಹೋದ ಸೋಯಾ ಸುಗ್ಗಿಯಲ್ಲಿ ಔರಾದದಿಂದ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವನು ಹಾಗೇ ಹೋಗಿಬಿಟ್ಟಿದ್ದ. ಬೀದರ ಬಂತು, ಇಳೀರಿ ಎಂದು ಕಂಡಕ್ಟರ್ ಎಬ್ಬಿಸಿದಾಗಲೇ ಗೊತ್ತಾದದ್ದು.

ಮಣ್ಣಾಗಿ, ಬಂದವರು ಹೋಗಿ, ಮನೆ ಖಾಲಿಯಾದ ಮೇಲೂ ಕೈಲಾಶನ ಫೋನು ಮಾತ್ರ ಪ್ರತಿ ಮುಂಜಾನೆ ಅಡುಗೆಮನೆಯ ಮಾಡದಲ್ಲಿ ಕೂತು ಬಡಿದುಕೊಳ್ಳುತ್ತಿತ್ತು. ಎತ್ತಿದರೆ ಭಾವವಾಣಿಯ ಹೆಣ್ಣುದನಿ: 'ಶರಣ್ರಿ ಕೈಲಾಶ ಅವ್ರೇ. ಆರಾಮ ಇದ್ದೀರೇನ್ರಿ?' ಆಮೇಲೆ ಒಂದು ಮೌನ. ಕೇಳಿದ ಮೇಲೆ ಉತ್ತರಕ್ಕೆ ಜರಾ ಜಾಗ ಬಿಡುವುದು ಮರ್ಯಾದೆ ಎಂದು ಮಲ್ಲಿಕಾರ್ಜುನಪ್ಪನವರೇ ಇಡಿಸಿದ ಮೌನ ಅದು. ಆ ಬಳಿಕ ಔರಾದ ಬಜಾರದ ಭಾವ.

ಸೂಟಿಯ ದಿನ ಅಕ್ಕನ ಮನೆಗೆ ಹೋದ ರಾಜರತ್ನ ಇದನ್ನು ಕೇಳಿ ಮೊದಲು ನಕ್ಕ. ಅವಳು ನಗಲಿಲ್ಲವೆಂದು ಕಂಡ ಮೇಲೆ ಫೋನು ಬಂದ್ ಮಾಡಿಡು ಎಂದ. ಗ್ಯಾಸಿನದು, ರೇಷನ್ನಿನದು, ಬ್ಯಾಂಕಿನದು ಎಲ್ಲದರ ಓಟಿಪಿ ಆ ನಂಬರಿಗೇ ಬರುತ್ತವೆ, ಸರ್ಕಾರದ ಲೆಕ್ಕದಲ್ಲಿ ಈ ಮನೆಯೊಳಗೆ ಉಸಿರಾಡುವುದು ಅದೊಂದೇ ನಂಬರು ಎಂದಳು. ಹಾಗಾದರೆ ಎತ್ತಬೇಡ ಎಂದ. ಎತ್ತದಿದ್ದರೆ ಎತ್ತುವ ತನಕ ಮತ್ತೆ ಮತ್ತೆ ಬರುತ್ತದೆ ಎಂದಳು. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ, ಹಿಟ್ಟು ನೋಡುತ್ತಲೇ ಹೇಳಿದಳು.

"ಕೇಳಿ ಸುಮ್ನ ನಿಲ್ತದ ನೋಡು ರಾಜಾ, ಜವಾಬ ಬರ್ತದೇನೋ ಅಂತ. ಆ ಸುಮ್ನ ನಿಲ್ಲೋದು ನನಗ ತಡ್ಕೊಳ್ಲಕ್ಕ ಆಗ್ತಿಲ್ಲ. ನಿನ್ನ ಮಷಿನ್ಯಾಗಿಂದ ಅವ್ರನ್ನ ತೆಗಿ."

ತೆಗೆಯುತ್ತೇನೆ ಎಂದು ಮಾತು ಕೊಟ್ಟು ಬಂದ. ಎಷ್ಟೋ ಲಕ್ಷ ಸಾಲು ಕಸದ ಹಾಗೆ ಗುಡಿಸಿದವನಿಗೆ ಒಂದು ಹೆಸರು ಯಾವ ದೊಡ್ಡ ಮಾತು?

ಮರುದಿನವೇ ಸದಸ್ಯರ ಟೇಬಲ್ಲಿನಲ್ಲಿ ಕೈಲಾಶನ ಹೆಸರು ಹುಡುಕಿ ಅಳಿಸು ಎಂದು ಆಜ್ಞೆ ಕೊಟ್ಟ. ಯಂತ್ರ ಮಾತಾಡಲಿಲ್ಲ. ಚಹಾ ಬಂತು, ಆರಿತು. ಊಟದ ಹೊತ್ತಾಯಿತು. ಒಂದು ಹೆಸರು ತೆಗೆಯುವ ಮುಂಚೆ ಅದಕ್ಕೆ ಜೋತುಬಿದ್ದವರು ಯಾರಾದರೂ ಇದ್ದಾರೋ ಎಂದು ಅದು ತೊಂಬತ್ತು ಕೋಟಿ ಸಾಲನ್ನು ಒಂದೊಂದಾಗಿ ವಿಚಾರಿಸುತ್ತ ಹೊರಟಿತ್ತು. ಸಂಜೆಯ ಹೊತ್ತಿಗೆ ಮರಳಿ ಬಂದು ಒಂದೇ ಮಾತು ಹೇಳಿತು: ಈ ಸಾಲನ್ನು ತೆಗೆಯಲು ಬರುವುದಿಲ್ಲ, ಬೇರೆ ಸಾಲುಗಳು ಇದನ್ನು ಹಿಡಿದುಕೊಂಡಿವೆ.

ಅವನ ಹಳೆಯ ಕಾಲ್‌ಗಳೇ ಹಿಡಿದಿರಬೇಕು ಎಂದುಕೊಂಡು ರಾಜರತ್ನ ಕೈಲಾಶ ಹತ್ತು ವರ್ಷದಲ್ಲಿ ಮಾಡಿದ ಮಿಸ್ ಕಾಲ್‌ಗಳನ್ನೆಲ್ಲ ಅಳಿಸಿದ. ಅಳಿಸುವಾಗ ಒಮ್ಮೆ ಕಣ್ಣಾಡಿಸಿದ್ದು ತಪ್ಪಾಯಿತು. ಕೊನೆಯ ಕಾಲಮ್ಮು ಯಂತ್ರ ಕೇಳಿದ ಪ್ರಶ್ನೆಗೆ ಆ ಕಡೆಯಿಂದ ಸದ್ದು ಬಂತೋ ಇಲ್ಲವೋ ಎಂದು ಬರೆದಿಡುವ ಕಾಲಮ್ಮು. ಸತ್ತ ಮೇಲಿನ ಸಾಲುಗಳಲ್ಲಿ ಒಂದರ ಕೆಳಗೊಂದು 'ಹೌದು', 'ಹೌದು', 'ಹೌದು'. ಅಡುಗೆಮನೆಯಲ್ಲವೇ, ಕುಕ್ಕರ್ ಸೀಟಿ ಹಾಕಿರುತ್ತದೆ, ಎಂದುಕೊಂಡ. ಕುಕ್ಕರು ಇಷ್ಟು ತಪ್ಪದೆ ಪ್ರತಿ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಡುತ್ತದೆಯೇ ಎಂದು ಕೇಳಿಕೊಳ್ಳಲಿಲ್ಲ.

ಮರುದಿನ ಮುಂಜಾನೆ ಟೇಬಲ್ ತೆರೆದು ನೋಡಿದರೆ ಕೈಲಾಶ ಬಂದು ಕೂತಿದ್ದ. ಹೊಸ ಸಾಲು, ಹೊಸ ವೇಳೆ. ಔರಾದ ಬಜಾರ. ಸದ್ದು ಬಂತೇ? ಹೌದು.

ಅಳಿಸಿದ. ಮತ್ತೊಂದು ಮುಂಜಾನೆ ಮತ್ತೆ ಬಂದ. ಮತ್ತೆ ಅಳಿಸಿದ. ಅಕ್ಕನಿಗೆ ಫೋನ್ ಮಾಡಿ ನೀನೇ ಆ ಫೋನಿನಿಂದ ಮಿಸ್ ಕಾಲ್ ಕೊಡುತ್ತಿಲ್ಲವಷ್ಟೇ ಎಂದು ಕೇಳಿ ಬೈಸಿಕೊಂಡ.

ಪಕ್ಕದ ಕುರ್ಚಿಯ ಅಂಬರೀನಳಿಗೆ ವಿಷಯ ಗೊತ್ತಾಯಿತು. ಅವಳಿಗೆ ಗೊತ್ತಾದದ್ದು ಕೆಳಗಿನ ಟೈರ್ ಅಂಗಡಿಗೂ ಗೊತ್ತಾಯಿತು. ದೊಡ್ಡ ಟೇಬಲ್‌ಗಳ ಗುಣ ಅವಳಿಗೂ ಗೊತ್ತಿತ್ತು. ಅಳಿಸಿದ ಸಾಲು ಆ ಕ್ಷಣಕ್ಕೆ ಹೋಗುವುದಿಲ್ಲ. ಸತ್ತಿದೆ ಎಂದು ಗುರುತು ಬೀಳುತ್ತದೆ ಅಷ್ಟೆ, ಹೆಣ ಅಲ್ಲೇ ಇರುತ್ತದೆ. ಗುಡಿಸುವ ಪ್ರೋಗ್ರಾಮು ತನ್ನ ಪಾಳಿ ಬಂದಾಗ ಬಂದು ಒಯ್ಯಬೇಕು. ಅಷ್ಟರಲ್ಲಿ ಯಾರಾದರೂ ಒಬ್ಬರು ಹಳೆಯದೊಂದು ಪ್ರಶ್ನೆ ಕೇಳಿ ಮುಗಿಸದೆ ಕೂತಿದ್ದರೆ, ಅವರಿಗೆ ಅವು ಇನ್ನೂ ಬದುಕಿದ ಹಾಗೇ ಕಾಣಬೇಕಲ್ಲ, ಗುಡಿಸುವವನು ಬಾಗಿಲಲ್ಲೇ ನಿಲ್ಲುತ್ತಾನೆ. ಅವರ ಪ್ರಶ್ನೆ ಮುಗಿಯುವ ತನಕ ಸತ್ತವು ಕದಲುವುದಿಲ್ಲ.

"ಯಾರೋ ಇನ್ನಾ ನೋಡ್ಲಕತ್ತಾರ್ರಿ ಸರ ಅವ್ರಿಗಿ," ಎಂದಳು ಅಂಬರೀನ. "ಅದಕ್ಕ ಹೋಗಲೊಲ್ಲರು."

ಅವಳು ಯಂತ್ರದ ಮಾತನ್ನೇ ಆಡಿದ್ದಳು. ರಾಜರತ್ನ ಮಾತ್ರ ಒಮ್ಮೆ ಹಿಂದೆ ತಿರುಗಿ ನೋಡಿದ. ಅಂದು ಸಂಜೆಯಿಂದ ಕಚೇರಿಯಲ್ಲಿ ಯಾರೂ ಅವನ ಕಂಪ್ಯೂಟರಿಗೆ ಬೆನ್ನು ಮಾಡಿ ಕೂಡಲಿಲ್ಲ. ಮರುದಿನ ಫಿಲ್ಟರಿನ ಮೇಲೆ ಸುತ್ತೋಲೆ ಬಂತು.

ಕಾಯ್ದು ನೋಡಿಯೇಬಿಡುವುದು ಎಂದು ರಾಜರತ್ನ ಒಂದು ದಿನ ಬೆಳಕು ಹರಿಯುವ ಮುಂಚೆ ಕಚೇರಿಗೆ ಬಂದು ಕೂತ. ಹೊರಗೆ ಮಂಜು. ಕೋಟೆಯ ಕಡೆಯ ಮಸೀದಿಯಿಂದ ಬಾಂಗ್ ಕೇಳಿ ನಿಂತಿತು. ಪರದೆಯ ಮೇಲೆ ರೈತರು ಏಳತೊಡಗಿದರು: ಹುಮನಾಬಾದದ ಒಬ್ಬ, ಆಳಂದದ ಇಬ್ಬರು, ಉದಗೀರ ಕಡೆಯ ಯಾರೋ. ಒಂದೊಂದೇ ಸಾಲು ಬಂದು ಕೂಡುತ್ತಿತ್ತು. ಔರಾದದ ಬದ್ರೋದ್ದೀನ ಎಂಬ ಹೆಸರು ಬಂತು. ಅದೇ ಕ್ಷಣ, ಎಲ್ಲಿಂದಲೂ ಅಲ್ಲ, ಅದರ ಬೆನ್ನಿಗೆ ನೆರಳು ಬಿದ್ದ ಹಾಗೆ ಇನ್ನೊಂದು ಸಾಲು: ಕೈಲಾಶ, ಕಮಲನಗರ.

ರಾಜರತ್ನ ಕುರ್ಚಿ ಹಿಂದಕ್ಕೆ ಸರಿಸಿದ. ಸರಿಸಿದವನು ನಿಧಾನಕ್ಕೆ ಮತ್ತೆ ಮುಂದಕ್ಕೆ ಸರಿದ. ಅಂಜಿಕೆಗಿಂತ ಕಸಬು ದೊಡ್ಡದು. ಒಂದು ಸಾಲು ಬಂದರೆ ಇನ್ನೊಂದನ್ನು ತಾನಾಗಿ ಬರೆಯುವ ಏನೋ ಒಂದು ಟೇಬಲ್ಲಿನ ಹೊಟ್ಟೆಯಲ್ಲಿದೆ. ಕೆದಕುತ್ತ ಹೋದ. ಈಗ ಹೈದರಾಬಾದಿನಲ್ಲಿ ಹೋಟೆಲ್ ಇಟ್ಟಿರುವ ಒವೈಸ ಎಂಬ ಹಳೆಯ ಪ್ರೋಗ್ರಾಮರ್ ಹತ್ತು ವರ್ಷದ ಹಿಂದೆ ಬರೆದಿಟ್ಟು ಹೋದ ನಾಲ್ಕು ಗೆರೆಯ ಪುಟ್ಟ ನಿಯಮ ಸಿಕ್ಕಿತು. ಅದರ ಹೆಸರು 'ಕಡಿ'.

ಬೀದರ ಸೀಮೆಯಲ್ಲಿ ಹೊಸಬರು ಯಾರೇ ಬರಲಿ, ಹೆಸರು ಕೇಳುವ ಮುಂಚೆ ಕೇಳುವ ಮಾತು 'ಯಾರ ಕಡಿಯವ್ರು?' ಎಂದು. ಇಂಥವರ ಕಡೆಯವರು ಎಂದು ಗೊತ್ತಾಗದೆ ಒಬ್ಬರಿಗೆ ನೀರು ಕೊಡಬಹುದು, ನಂಬಿಕೆ ಕೊಡಲಾಗದು. ಮಲ್ಲಿಕಾರ್ಜುನಪ್ಪನವರು ಭಾವವಾಣಿ ಶುರು ಮಾಡಿದಾಗ ಇದನ್ನೇ ಒಂದು ಕಾಲಮ್ಮು ಮಾಡಿಸಿದ್ದರು. ಸದಸ್ಯರಾಗುವವರು ಹೆಸರು, ನಂಬರು ಜೊತೆಗೆ ಯಾರ ಕಡಿಯವರು ಎಂದು ಬರೆಸಲೇಬೇಕು. ಅವರ ಒಂದೊಂದು ಕಾಲ್‌ನ ಸಾಲಿನ ಮೇಲೂ ಆ ಕಡಿಯ ಯಜಮಾನನ ಗುರುತು ಬೀಳಬೇಕು. ದಿನದಲ್ಲಿ ಒಂದು ಕಡಿಯವರು ಯಾರೇ ಮೊದಲು ರಿಂಗ್ ಕೊಟ್ಟರೂ ಯಜಮಾನನೂ ರಿಂಗ್ ಕೊಟ್ಟ ಲೆಕ್ಕ ಹಿಡಿದು, ಅವನಿಗೂ ಭಾವ ಮುಟ್ಟಿಸಬೇಕು. ತನ್ನ ಮಂದಿ ಎದ್ದು ಕೆಲಸಕ್ಕೆ ಹತ್ತಿದ್ದಾರೆ ಎಂದು ಅವನಿಗೆ ತಿಳಿಯಲಿ, ಇಷ್ಟೇ ಉದ್ದೇಶ. ಹೇಳಿ ಮರೆತಿದ್ದರು. ಇಂಥ ಐಡಿಯಾ ಅವರಿಗೆ ಊಟ ಆದ ಮೇಲೆ ದಿನಕ್ಕೊಂದು ಬರುತ್ತಿದ್ದವು.

ಔರಾದ, ಭಾಲ್ಕಿ, ಕಮಲನಗರದ ನಾನೂರಕ್ಕೂ ಮಿಕ್ಕಿ ಮಂದಿ ಕೈಲಾಶನ ಕಡಿಯವರು ಎಂದು ಬರೆದಿತ್ತು. ಬದುಕಿದ್ದ ಅವರಲ್ಲಿ ಯಾರೊಬ್ಬ ಮುಂಜಾನೆ ಎದ್ದು ರಿಂಗ್ ಕೊಟ್ಟರೂ ಸತ್ತ ಕೈಲಾಶನೂ ಏಳುತ್ತಿದ್ದ. ಲಕ್ಷಾಂತರ ಸಾಲುಗಳು ಅವನ ಹೆಸರಿಗೆ ಜೋತುಬಿದ್ದಿದ್ದವು. ಕಡಿ ಇದ್ದ ಮನುಷ್ಯನನ್ನು ಕಡಿದು ಹಾಕಲು ಬರುವುದಿಲ್ಲ ಎಂದು ಯಂತ್ರ ಅಂದೇ ಹೇಳಿತ್ತು.

ನಿಯಮವನ್ನೇ ತೆಗೆದುಬಿಡೋಣ ಎಂದು ರಾಜರತ್ನ ಮಾಲೀಕರ ಹತ್ತಿರ ಹೋದ. ಆಗದ ಮಾತು. ಭಾವವಾಣಿಯನ್ನು ಕೊಳ್ಳಲು ಹೈದರಾಬಾದಿನ ಕಂಪನಿಯೊಂದು ಮುಂದೆ ಬಂದಿತ್ತು. ವ್ಯವಹಾರ ಮುಗಿಯುವ ತನಕ ಪ್ರೋಗ್ರಾಮಿನ ಒಂದು ಅಕ್ಷರವನ್ನೂ ಮುಟ್ಟಬಾರದೆಂದು ಬರೆಸಿಕೊಂಡಿತ್ತು. ಹೆಸರು, ನಂಬರು, ಕಡಿ ಬದಲಿಸುವುದಿದ್ದರೆ ಬದಲಿಸಬಹುದು. ಆದರೆ ಅದಕ್ಕೂ ಸದಸ್ಯರ ಒಪ್ಪಿಗೆ ಬೇಕು. ಅದನ್ನು ಕೇಳುವ ಪ್ರೋಗ್ರಾಮನ್ನೂ ಅವರೇ ಕಳಿಸಿದ್ದರು. ಅದು ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳುತ್ತದೆ. ಒಂದು ಒತ್ತಿದರೆ ಒಪ್ಪಿಗೆ. ಏನೂ ಒತ್ತದಿದ್ದರೂ ಒಪ್ಪಿಗೆ, ಕಂಪನಿ ದೊಡ್ಡದು. ಎರಡು ಒತ್ತಿದರೆ ಇಲ್ಲ. ಒಮ್ಮೆ ಇಲ್ಲ ಎಂದವರನ್ನು ಮತ್ತೊಮ್ಮೆ ಆ ಮಾತು ಕೇಳುವಂತಿಲ್ಲ. ಒಂದು ಗುಂಪಿನ ಬದಲಾವಣೆ ಪೂರಾ ಆದರೆ ಆಯಿತು. ನಡುವೆ ಒಬ್ಬರು ಇಲ್ಲವೆಂದರೂ ಆ ಗುಂಪಿನದೆಲ್ಲ ರದ್ದಾಗಿ ಮೊದಲಿದ್ದಲ್ಲಿಗೇ ಬರಬೇಕು. ಎಲ್ಲ, ಇಲ್ಲವೇ ಏನೂ ಇಲ್ಲ.

"ಎಲ್ಲಾರನೂ ನನ್ನ ಕಡಿ ಹಾಕು," ಎಂದರು ಮಲ್ಲಿಕಾರ್ಜುನಪ್ಪ. "ಆಮೇಲೆ ಅಂವಗ ಯಾರೂ ಜೋತುಬಿದ್ದಿರಂಗಿಲ್ಲ, ಆರಾಮ ತೆಗಿ. ಆಮ್ರಪಾಲಿಬಾಯಿಗಿ ನನ್ನ ಶರಣು ಹೇಳು."

ಈ ಕಾರ್ಯಕ್ಕೆ ಅವರು 'ಸದ್ಗತಿ ಯೋಜನೆ' ಎಂದು ಹೆಸರಿಟ್ಟರು. ಹೆಸರಿಡದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಎರಡು ಒತ್ತುವವರನ್ನು ಮೊದಲೇ ಕಂಡು ಬರಬೇಕಿತ್ತು. ರಾಜರತ್ನ ಔರಾದದ ಬಸ್ಸು ಹತ್ತಿದ. ಕಿಟಕಿಯ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋದ. ಬಜಾರದಲ್ಲಿ ಧಾನ್ಯದ ಅಡತಿ ಅಂಗಡಿ ಇಟ್ಟಿದ್ದ ಬದ್ರೋದ್ದೀನ ಅವನನ್ನು ಚೀಲದ ಮೇಲೆ ಕೂಡಿಸಿ, ವಿಷಯ ಕೇಳಿ, ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟ. ಬದ್ರೋದ್ದೀನನನ್ನು ಮೊದಲ ಬಾರಿ ಈ ಬಜಾರಕ್ಕೆ ಕರೆತಂದು, ಈತ ನನ್ನ ಕಡಿಯವ, ಇವನಿಗೆ ಅಂಗಡಿ ಇಡಲು ಒಂದು ಗಾಳೆ ಕೊಡಿ ಎಂದು ನಾಲ್ಕು ಮಂದಿಗೆ ಹೇಳಿದವನು ಕೈಲಾಶ. ಅದಕ್ಕೂ ಭಾವವಾಣಿಗೂ ಸಂಬಂಧವಿರಲಿಲ್ಲ. ಆದರೆ ಫೋನಿನಲ್ಲಿ ಯಂತ್ರ ಅದನ್ನೇ ಕೇಳುವುದಿತ್ತು.

"ಕಡಿ ಬದಲ ಮಾಡೋದು ಅಂದ್ರ ಮಾತ ಬದಲ ಮಾಡಿದಂಗ್ರಿ ರಾಜು ಭಾಯಿ," ಎಂದ. "ಖರೆ, ಭಾಬಿಗಿ ತಕಲೀಫ್ ಆಗ್ತದಂದ್ರ ಒಂದ ಒತ್ತತೇನಿ. ಒತ್ತಿ ಫೋನ ಇಡ್ತೇನಿ, ಮತ್ತ ಆ ಮಾತ ಕೇಳಬ್ಯಾಡ್ರಿ."

ಭಾಲ್ಕಿಯಲ್ಲಿ ಕಸ್ತೂರಿಬಾಯಿ ಎಂಬ ಹಣ್ಣು ಹಣ್ಣು ಮುದುಕಿ, ಹೊಲದ ಉದ್ದನ್ನು ತಾನೇ ಗಾಡಿ ಹೊಡೆದು ತಂದು ಮಾರುವವಳು, ಇನ್ನೂ ಗಟ್ಟಿಯಾಗಿದ್ದಳು. ಕೈಲಾಶ ಸತ್ತದ್ದು ಅವಳಿಗೆ ಗೊತ್ತಿತ್ತು. ಸತ್ತರೆ ಏನಾಯಿತು, ಸತ್ತವರ ಕಡಿಯವರು ಇರಬಾರದೇನು, ನಾನು ನಲವತ್ತು ವರ್ಷದಿಂದ ನನ್ನ ಗಂಡನ ಕಡಿಯವಳು, ಅವನೆಲ್ಲಿದ್ದಾನೆ ಎಂದು ಕೇಳಿದಳು. ರಾಜರತ್ನ ತನ್ನ ಕೆಲಸ ಟೇಬಲ್ ಒರೆಸುವುದು ಎಂದ. ಕೊನೆಗೆ ಆಮ್ರಪಾಲಿ ಮುಂಜಾನೆ ಫೋನು ಹಿಡಿದು ನಿಲ್ಲುವುದನ್ನು ಹೇಳಿದ ಮೇಲೆ ಮುದುಕಿ, ಆಯಿತು, ಏನೂ ಒತ್ತುವುದಿಲ್ಲ ಹೋಗು ಎಂದಳು. ಹೀಗೆ ಎಲ್ಲರೂ ಒಪ್ಪಿದರು. ಎಲ್ಲರೂ ಒಪ್ಪಿದ್ದು ಆಮ್ರಪಾಲಿಯ ಸಲುವಾಗಿ. ಬರುವಾಗ ಅವನ ಚೀಲದಲ್ಲಿ ಉದ್ದು, ತೊಗರಿ, ಅಕ್ಕನಿಗೆ ಎಂದು ಕೊಟ್ಟ ಸೀತಾಫಲ, ಎಲ್ಲ ಇತ್ತು. ಎದೆಯ ಮೇಲೆ ಮಾತ್ರ ಏನೋ ಕದ್ದು ತಂದ ಭಾರ.

ಇಷ್ಟು ದೊಡ್ಡ ಟೇಬಲ್ಲಿನಲ್ಲಿ ಅಷ್ಟು ಲಕ್ಷ ಸಾಲು ಒಮ್ಮೆಗೇ ಬದಲಿಸುವಾಗ ಬೇರೆ ಕಾಲ್‌ಗಳು ನುಗ್ಗಬಾರದು. ಭಾವವಾಣಿ ಬಂದ್ ಇರುವುದು ಬಜಾರ ಬಂದ್ ಇರುವ ದಿನ. ಬಜಾರ ಬಂದ್ ಇರುವುದು ಅಮಾವಾಸ್ಯೆಗೆ. ದೆವ್ವವನ್ನು ನಂಬದ ಇಬ್ಬರೂ ಕ್ಯಾಲೆಂಡರ್ ನೋಡಿ, ಒಬ್ಬರ ಮುಖ ಇನ್ನೊಬ್ಬರು ನೋಡದೆ, ಇದು ಬರೀ ಆಡಳಿತಾತ್ಮಕ ಕಾರಣಕ್ಕೆ ಎಂದು ಎರಡೆರಡು ಬಾರಿ ಹೇಳಿಕೊಂಡರು.

ಅಮಾವಾಸ್ಯೆಯ ಮುಂಜಾನೆ ಮಲ್ಲಿಕಾರ್ಜುನಪ್ಪನವರು ವಿಭೂತಿ ಹಚ್ಚಿಕೊಂಡು ಬಂದು ರಾಜರತ್ನನ ಹಿಂದೆ ಕುರ್ಚಿ ಹಾಕಿದರು. ಅಂಬರೀನ ಫೋನಿನ ಪರದೆ ನೋಡುತ್ತಿದ್ದಳು, ರಾಜರತ್ನ ಟೇಬಲ್ಲಿನದು. ಯಂತ್ರ ಒಬ್ಬೊಬ್ಬರಿಗೆ ಫೋನ್ ಮಾಡುತ್ತ ಹೊರಟಿತು. ಸರಿಯಾಗಿ ಕೇಳುತ್ತದೆಯೋ ಎಂದು ನಿಗಾ ಇಡಿ ಎಂದು ಹೈದರಾಬಾದಿನವರು ಹೇಳಿದ್ದರಿಂದ ಅದರ ಪ್ರಶ್ನೆ ಸ್ಪೀಕರಿನಲ್ಲಿ ಮೂವರಿಗೂ ಕೇಳುತ್ತಿತ್ತು: ಇಂಥವರೇ, ನೀವು ಕೈಲಾಶ ಅವರ ಕಡಿಯನ್ನು ಬಿಡಲು ಒಪ್ಪುತ್ತೀರಾ? ಆಮೇಲೆ ಮೌನ. ಅದೇ ಮೌನ. ಅದರೊಳಗೆ ಎಲ್ಲೋ ಎಮ್ಮೆ ಕೂಗುವುದು, ಯಾರೋ ಕೆಮ್ಮುವುದು, ಮೋಟಾರ್ ಸದ್ದು. ಆಮೇಲೆ ಒಂದು ಟಕ್ ಶಬ್ದ, ಇಲ್ಲವೇ ಏನೂ ಇಲ್ಲ.

ಬದ್ರೋದ್ದೀನ ಒಂದು ಒತ್ತಿದ. ಕಸ್ತೂರಿಬಾಯಿ ಏನೂ ಒತ್ತಲಿಲ್ಲ. ಉಸಿರು ಮಾತ್ರ ಕೇಳಿಸಿತು, ಯಂತ್ರ ಅದನ್ನು ಒಪ್ಪಿಗೆ ಎಂದು ಬರೆದುಕೊಂಡಿತು. ಒಬ್ಬೊಬ್ಬರು ಹೌದೆಂದ ಹಾಗೆ ಟೇಬಲ್ಲಿನಲ್ಲಿ ಹತ್ತು ವರ್ಷದ ಅವರ ಸಾಲುಗಳು ಕೈಲಾಶನ ಹೆಸರು ಬಿಟ್ಟು ಮಲ್ಲಿಕಾರ್ಜುನಪ್ಪನ ಹೆಸರಿಗೆ ಹಾರುತ್ತಿದ್ದವು. ಒಂದು ಹಂತದಲ್ಲಿ ಮಲ್ಲಿಕಾರ್ಜುನಪ್ಪನವರು ತಮ್ಮ ಭುಜವನ್ನು ತಾವೇ ಒರೆಸಿಕೊಂಡರು, ಅಲ್ಲಿ ಏನೋ ಕೂತ ಹಾಗೆ.

ಮಧ್ಯಾಹ್ನ ದಾಟುವ ಹೊತ್ತಿಗೆ ಒಬ್ಬನ ಹೊರತು ಎಲ್ಲ ಮುಗಿದಿತ್ತು. ಕಡಿಯ ಮೊದಲ ಹೆಸರನ್ನು ಯಂತ್ರ ಕೊನೆಗೆ ಇಟ್ಟುಕೊಂಡಿತ್ತು. ಫೋನ್ ಹೋಯಿತು. ಆ ಕಡೆ ಎತ್ತಿದರು. ಯಂತ್ರ ಕೇಳಿತು.

"ರಾಜರತ್ನ ಅವರೇ, ನೀವು ಕೈಲಾಶ ಅವರ ಕಡಿಯನ್ನು ಬಿಡಲು ಒಪ್ಪುತ್ತೀರಾ?"

ರಾಜರತ್ನ ತನ್ನ ಕಿಸೆ ಮುಟ್ಟಿ ನೋಡಿಕೊಂಡ. ಅವನ ಫೋನು ಸುಮ್ಮನಿತ್ತು. ಸ್ಪೀಕರಿನಲ್ಲಿ ಮಾತ್ರ ಮೌನ ಬೆಳೆಯುತ್ತಿತ್ತು. ಅದರೊಳಗೆ ದೂರದಲ್ಲಿ ಒಂದು ಬಾಗಿಲು, ಒಂದು ಪಾತ್ರೆ, ಆಮೇಲೆ ಯಾರೋ ಉಸಿರು ಹಿಡಿದು ನಿಂತ ಸದ್ದು. ಟಕ್ ಎಂದಿತು.

"ಎರಡು ಒತ್ತ್ಯಾರ್ರಿ," ಎಂದಳು ಅಂಬರೀನ, ಪರದೆಯಿಂದ ಕಣ್ಣು ತೆಗೆಯದೆ. "ಸರ, ನಿಮ್ಮ ಹೆಸರಿನವರು."

ಇದೇ ಹೆಸರಿನ ಇನ್ನೊಬ್ಬ ಇರಬೇಕೆಂದು ಸಾಲು ತೆರೆದು ನೋಡಿದ. ಇನ್ನೊಬ್ಬನಿರಲಿಲ್ಲ. ಭಾವವಾಣಿ ಶುರುವಾದ ದಿನ ಕೈಲಾಶ ಬೋಣಿ ಎಂದು ಮೊದಲು ಬರೆಸಿದ್ದು ಹೆಂಡತಿಯ ತಮ್ಮನ ಹೆಸರು. ಅವನ ಬೀದರದ ನಂಬರು ಬಾಯಿಪಾಠ ಇರಲಿಲ್ಲ. ಹಳ್ಳಿಗಳಲ್ಲಿ ಒಂದೇ ಫೋನಿನ ಮೇಲೆ ಮನೆಮಂದಿಯ ಹೆಸರೆಲ್ಲ ಬರೆಸುವುದು ರೂಢಿಯೇ. ಕೈಲಾಶ ತನ್ನ ನಂಬರನ್ನೇ ಬರೆಸಿದ್ದ. ತೊಂಬತ್ತು ಕೋಟಿ ಸಾಲಿನ ಮಾವುತ ಹತ್ತು ವರ್ಷದಲ್ಲಿ ತನ್ನ ಸ್ವಂತ ಸಾಲನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಪರದೆಯ ಮೇಲೆ ಮುಂಜಾನೆಯಿಂದ ಹಾರಿ ಬಂದ ಸಾಲುಗಳು ಮರಳಿ ಹೊರಟಿದ್ದವು. ರದ್ದು ಮಾಡುವುದು ಮಾಡುವುದಕ್ಕಿಂತ ನಿಧಾನದ ಕೆಲಸ. ಒಂದೊಂದನ್ನೂ ಎತ್ತಿ ಇದ್ದಲ್ಲಿಗೇ ಇಡಬೇಕು. ಬದ್ರೋದ್ದೀನ ಹಿಂದಿರುಗಿದ. ಕಸ್ತೂರಿಬಾಯಿ ಹಿಂದಿರುಗಿದಳು. ತಡೆಯಲು ಬರುತ್ತಿರಲಿಲ್ಲ, ನಡುವೆ ತಡೆದರೆ ಟೇಬಲ್ಲೇ ಕೆಡುತ್ತದೆ ಎಂಬುದು ಅವನು ಎಲ್ಲರಿಗೂ ಕಲಿಸಿದ ಮೊದಲ ಪಾಠ.

ಅವನು ಕಮಲನಗರಕ್ಕೆ ಫೋನ್ ಮಾಡಿದ. ಆಮ್ರಪಾಲಿ ತನ್ನ ಫೋನು ಎತ್ತಿದಳು.

"ಅಕ್ಕಾ, ಯಾಕ ಎರಡ ಒತ್ತಿದಿ?"

"ನಿನ್ನ ಹೆಸರ ಹಿಡಿದು ಕೇಳ್ತು, ರಾಜಾ. ಅವ್ರ ಕಡಿ ಬಿಡ್ತೀರೇನು ಅಂತ. ಅವ್ರ ಫೋನ್ಯಾಗ, ಅವ್ರ ಅಡಗಿಮನ್ಯಾಗ ನಿಂತು ಕೇಳ್ತು. ನಾ ಹ್ಯಾಂಗ ಹೌದು ಅನ್ಲಿ?"

ನೀನೇ ತೆಗಿ ಎಂದಿದ್ದೆಯಲ್ಲ, ಊರೆಲ್ಲ ನಿನ್ನ ಸಲುವಾಗಿ ಒಪ್ಪಿತ್ತಲ್ಲ ಎಂದು ಅವನು ಹೇಳಬೇಕೆಂದಿದ್ದ. ಹೇಳಲಿಲ್ಲ. ಅವಳು ಮುಂಜಾನೆಯ ಪ್ರಶ್ನೆಗೆ ದಿನಾ ಏನು ಸದ್ದು ಮಾಡುತ್ತಿದ್ದಳು ಎಂದೂ ಕೇಳಲಿಲ್ಲ. ಇಬ್ಬರೂ ಫೋನು ಹಿಡಿದುಕೊಂಡೇ ಇದ್ದರು. ಹಿಂದೆ ಮಲ್ಲಿಕಾರ್ಜುನಪ್ಪನವರು ಮತ್ತೆ ಯಾವಾಗ ಕೇಳಲು ಬರುತ್ತದೆ ಎಂದು ಅಂಬರೀನಳನ್ನು ವಿಚಾರಿಸುತ್ತಿದ್ದರು. ಒಮ್ಮೆ ಇಲ್ಲ ಎಂದವರನ್ನು ಮತ್ತೆ ಕೇಳುವಂತಿಲ್ಲ, ಎಂದೂ ಇಲ್ಲ ಎಂದು ಅವಳು ನಿಯಮ ಓದಿ ಹೇಳುತ್ತಿದ್ದಳು.

ಹೈದರಾಬಾದಿಗೆ ವರದಿ ಕಳಿಸಬೇಕಿತ್ತು. ಯೋಜನೆ ಯಾವ ಕಾರಣಕ್ಕೆ ವಿಫಲವಾಯಿತು ಎಂಬಲ್ಲಿ ಯಂತ್ರ ತಾನೇ ಒಂದು ವಾಕ್ಯ ತುಂಬಿಟ್ಟಿತ್ತು, ತಿದ್ದಲು ಬಾರದ ವಾಕ್ಯ: ಸದಸ್ಯ ರಾಜರತ್ನ ಕೈಲಾಶ ಅವರ ಕಡಿಯನ್ನು ಬಿಡಲು ಒಪ್ಪಲಿಲ್ಲ. ಅವನು ಅದರ ಕೆಳಗೆ ಸಹಿ ಮಾಡಿದ.